ಎರಡನೇ ಅಲೆ, ಲಾಕ್‌ಡೌನ್, ಲಸಿಕೆ: ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ರಕ್ತ ಕೊಡುವವರು ಯಾರು, ಯಾವಾಗ?

ಕುಮಟಾ ಮಾಸ್ತರು · 19 ಮೇ 2021, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ಚಂಡಮಾರುತ ದಾಟಿ ಹೋಯಿತು. ನಮ್ಮ ಕೇರಿಗೆ ನಿನ್ನೆ ಸಂಜೆ ಕರೆಂಟು ಬಂತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ವಿಷಯ ರಕ್ತದ್ದು.

ಕಾಲೇಜು ಮುಚ್ಚಿದೆ, ಎನ್‌ಎಸ್‌ಎಸ್ ಶಿಬಿರ ಇಲ್ಲ. ಯುವಕ ಮಂಡಲದ ವಾರ್ಷಿಕೋತ್ಸವ ಇಲ್ಲ. ಯಕ್ಷಗಾನ ಮೇಳಗಳ ತಿರುಗಾಟ ನಿಂತಿದೆ. ಮದುವೆಗೂ ಲೆಕ್ಕದ ಜನ. ನಮ್ಮ ಕಡೆ ರಕ್ತದಾನ ಶಿಬಿರ ನಡೆಯುತ್ತಿದ್ದದ್ದೇ ಹೀಗೆ ಜನ ಸೇರುವ ದಿನಗಳಲ್ಲಿ ಅಲ್ವಾ? ಜನ ಸೇರಬಾರದು ಎಂದ ಕೂಡಲೇ ಶಿಬಿರವೂ ಹೋಯಿತು. ಹೆರಿಗೆ ನಿಂತಿಲ್ಲ. ಕ್ಯಾನ್ಸರ್ ಚಿಕಿತ್ಸೆ ನಿಂತಿಲ್ಲ. ಥಲಸ್ಸೇಮಿಯಾ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ ಇರುವ ಮಕ್ಕಳಿಗೆ ರಕ್ತ ಏರಿಸುವುದನ್ನು ಒಂದು ವಾರವೂ ಮುಂದೆ ಹಾಕಲಾಗುವುದಿಲ್ಲ.

ಈಗ ಉಳಿದಿರುವುದು ವಾಟ್ಸಾಪ್ ಒಂದೇ. "ಅರ್ಜೆಂಟ್, ಓ ನೆಗೆಟಿವ್ ಬೇಕು, ಎಲ್ಲರಿಗೂ ಕಳಿಸಿ." ಯಾವ ದಿನದ ಮೆಸೇಜು, ಆ ರೋಗಿಗೆ ಸಿಕ್ಕಿತೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಹಳೇ ಮೆಸೇಜು ಮತ್ತೆ ಮತ್ತೆ ಸುತ್ತುತ್ತದೆ. ಪಾಪ, ಆ ನಂಬರಿನವರಿಗೆ ತಿಂಗಳಾದರೂ ಫೋನ್ ಬರುತ್ತಲೇ ಇರುತ್ತದೆ.

ನನಗೆ ಅನ್ನಿಸುವುದು ಇಷ್ಟು. ಅರ್ಜೆಂಟ್ ಬಂದಾಗ ಓಡುವುದನ್ನು ನಂಬಿ ಕೂರಬಾರದು. ತಾಲೂಕಿಗೊಂದು ಪಟ್ಟಿ ಮಾಡೋಣ. ಯಾರು ಯಾವ ವಾರ ಕೊಡುತ್ತಾರೆ ಅಂತ ಮೊದಲೇ ಹಂಚಿಕೊಳ್ಳೋಣ. ಶಿಬಿರ ಇರಲಿ, ಇಲ್ಲದಿರಲಿ, ಸರದಿಯಂತೆ ಒಬ್ಬೊಬ್ಬರೇ ಹೋಗಿ ಕೊಟ್ಟು ಬರುವುದು. ಗೊತ್ತಿರುವವರು ಹೇಳಿ, ಇದು ಆಗುವ ಕೆಲಸವಾ?

ಬೆಂಗಳೂರಿಂದ ಹೊನ್ನಾವರಕ್ಕೆ · 7:15

ಮಾಸ್ತರೇ, ನಾನು ಮನೆಯಿಂದ ಕೆಲಸ ಮಾಡುತ್ತಾ ಊರಲ್ಲೇ ಇದ್ದೇನೆ. 26 ವಯಸ್ಸು, ಎ ಪಾಸಿಟಿವ್. ಹೆಸರು ಬರೆದುಕೊಳ್ಳಿ. ಆದರೆ ಲಸಿಕೆ ಹಾಕಿಸಿಕೊಂಡರೆ ಎರಡು ತಿಂಗಳು ರಕ್ತ ಕೊಡುವ ಹಾಗಿಲ್ಲ ಅಂತ ಗೆಳೆಯ ಹೇಳಿದ. ಹೌದಾ? ಹಾಗಾದರೆ ಲಸಿಕೆಯನ್ನೇ ಮುಂದೆ ಹಾಕಲಾ?

ಲ್ಯಾಬ್ ಅಕ್ಕ, ಕಾರವಾರ · 8:05

ತಮ್ಮಾ, ಲಸಿಕೆ ಮುಂದೆ ಹಾಕಬೇಡ. ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನೀಷಿಯನ್. ನಿನ್ನ ಗೆಳೆಯ ಹೇಳಿದ್ದು ಹಳೇ ನಿಯಮ. ಮಾರ್ಚ್‌ನಲ್ಲಿ ರಾಷ್ಟ್ರೀಯ ರಕ್ತ ಪೂರಣ ಪರಿಷತ್ತು ಕೊನೆಯ ಡೋಸ್ ಆದ ಮೇಲೆ 28 ದಿನ ರಕ್ತ ಕೊಡಬಾರದು ಎಂದಿತ್ತು. ಆಗ ಎರಡು ಡೋಸ್ ನಡುವೆ ನಾಲ್ಕೇ ವಾರ ಇಟ್ಟುಕೊಂಡವರಿಗೆ ಸುಮಾರು ಎರಡು ತಿಂಗಳು ಪೂರ್ತಿ ಹೋಗುತ್ತಿತ್ತು. ಈ ತಿಂಗಳು 5ನೇ ತಾರೀಕು ಅದನ್ನು 14 ದಿನಕ್ಕೆ ಇಳಿಸಿದ್ದಾರೆ. ಕೋವಿಶೀಲ್ಡ್ ಆಗಲಿ ಕೋವ್ಯಾಕ್ಸಿನ್ ಆಗಲಿ, ಡೋಸ್ ತೆಗೆದುಕೊಂಡ ದಿನದಿಂದ 14 ದಿನ ಬಿಟ್ಟರೆ ಸಾಕು. ಕೋವಿಶೀಲ್ಡ್ ಡೋಸ್‌ಗಳ ನಡುವೆ ಈಗ 12ರಿಂದ 16 ವಾರ ಅಂತರ ಮಾಡಿದ್ದಾರಲ್ಲ. ಆ ಮಧ್ಯದಲ್ಲಿ ಆರಾಮವಾಗಿ ಒಮ್ಮೆ ಕೊಡಬಹುದು.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ 18ರಿಂದ 44ರವರಿಗೆ ಲಸಿಕೆ ಶುರುವಾಗಿ ನಾಲ್ಕೇ ದಿನಕ್ಕೆ ನಿಂತಿದೆ, ಡೋಸ್ ಸಾಲದೆ. ಮತ್ತೆ ಶುರುವಾಗುವ ದಿನ ಎಲ್ಲಾ ಹುಡುಗರೂ ಒಂದೇ ಸಲ ಹಾಕಿಸಿಕೊಳ್ಳುತ್ತಾರೆ. ಹಾಕಿಸಿಕೊಳ್ಳಲೇಬೇಕು. ಆದರೆ ಆಮೇಲಿನ ಎರಡು ವಾರ ನಮಗೆ ರಕ್ತ ಕೊಡುವ ವಯಸ್ಸಿನವರು ಯಾರೂ ಸಿಗುವುದಿಲ್ಲ. ಹಾಗಾಗಿ ಸ್ಲಾಟ್ ಸಿಗುವವರೆಗೆ ಕಾಯುತ್ತಾ ಕೂತಿರುವವರು ಈಗಲೇ ಬಂದು ಕೊಟ್ಟರೆ ಬಹಳ ಉಪಕಾರ.

ಘಟ್ಟದ ಮೇಲಿನವ, ಸಿರ್ಸಿ · 8:40

ಮಾಸ್ತರೇ, ಪಟ್ಟಿ ಮಾಡಿ, ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯ ಕಷ್ಟ ಬೇರೆ ಇದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಕೊಡುವವರು ಒಂದು ಊರಲ್ಲಿ ಇರುತ್ತಾರೆ, ಬೇಕಾದವರು ಇನ್ನೊಂದು ಊರಲ್ಲಿ. ಸಿರ್ಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮರ ಬಿದ್ದರೆ, ಮಣ್ಣು ಕುಸಿದರೆ ಅಲ್ಲೇ ಆಟ ಮುಗಿಯಿತು. ಮೊನ್ನೆ ಗಾಳಿಗೆ ನಮ್ಮ ಕಡೆಯೂ ಮರ ಉರುಳಿವೆ, ಬಾಳೆ ಮಲಗಿದೆ.

ಕಳೆದ ವರ್ಷ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ನಡೆಯಿತು. ಲಕ್ಷಾಂತರ ಜನ. ಅದಾಗಿ ಎರಡು ವಾರಕ್ಕೆ ಇಡೀ ದೇಶಕ್ಕೇ ಬೀಗ ಬಿತ್ತು. ಆಗ ನಮ್ಮ ಸಂಬಂಧಿಕರೊಬ್ಬರಿಗೆ ಆಪರೇಷನ್ ಇತ್ತು. ರಕ್ತ ಕೊಡಲು ಮೂವರು ಒಪ್ಪಿದ್ದರು. ಮೂವರೂ ಬೇರೆ ಬೇರೆ ಹಳ್ಳಿಯವರು. ಬಸ್ಸಿಲ್ಲ, ಬೈಕ್ ತೆಗೆದರೆ ಪೊಲೀಸರು ನಿಲ್ಲಿಸುತ್ತಾರೆ. ಮನಸ್ಸಿದ್ದವರಿಗೂ ಬರಲು ಆಗಲಿಲ್ಲ. ಆಪರೇಷನ್ ಮುಂದೆ ಹೋಯಿತು. ನನ್ನ ಕೇಳಿದರೆ ಮೊದಲು ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ರಕ್ತ ಇಟ್ಟಿರಬೇಕು. ಪಟ್ಟಿ ಆಮೇಲೆ.

ಲ್ಯಾಬ್ ಅಕ್ಕ, ಕಾರವಾರ · 9:30

ಅಣ್ಣಾ, ನಿಮ್ಮ ಮಾತು ಸರಿ. ಆದರೆ ರಕ್ತವನ್ನು ಅಕ್ಕಿ ಮೂಟೆಯ ಹಾಗೆ ಮಳೆಗಾಲಕ್ಕೆ ಅಂತ ತುಂಬಿಸಿಡಲು ಬರುವುದಿಲ್ಲ. ಸಾಮಾನ್ಯ ಚೀಲದಲ್ಲಿ ತೆಗೆದ ರಕ್ತ ಫ್ರಿಜ್‌ನಲ್ಲಿ 2ರಿಂದ 6 ಡಿಗ್ರಿಯಲ್ಲಿ 35 ದಿನ ಬಾಳುತ್ತದೆ. ಕೆಂಪು ಕಣ ಬೇರೆ ಮಾಡಿ ಅದಕ್ಕೆ ಬೇಕಾದ ದ್ರಾವಣ ಸೇರಿಸಿದರೆ 42 ದಿನ. ರಕ್ತಸ್ರಾವ ನಿಲ್ಲಿಸುವ ಕಣ, ಪ್ಲೇಟ್‌ಲೆಟ್ ಅಂತೂ 5 ದಿನ ಅಷ್ಟೇ. ಅದನ್ನು ಫ್ರಿಜ್‌ನಲ್ಲೂ ಇಡುವಂತಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಹಗಲೂ ರಾತ್ರಿ ಅಲ್ಲಾಡಿಸುವ ಯಂತ್ರದ ಮೇಲೆ ಇರಬೇಕು. ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ ಮಾತ್ರ ಫ್ರೀಜರಿನಲ್ಲಿ ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿಟ್ಟರೆ ಒಂದು ವರ್ಷ ಇರುತ್ತದೆ.

ತಾಲೂಕು ಆಸ್ಪತ್ರೆಯ ರಕ್ತ ಸಂಗ್ರಹ ಘಟಕದಲ್ಲಿ ದಾನಿಗಳಿಂದ ರಕ್ತ ತೆಗೆಯುವುದಿಲ್ಲ. ದೊಡ್ಡ ಬ್ಲಡ್ ಬ್ಯಾಂಕಿನಿಂದ ತಂದು ಇಟ್ಟುಕೊಳ್ಳುತ್ತಾರೆ. ಬಳಕೆ ಆಗದಿದ್ದರೆ ಅವಧಿ ಮುಗಿಯುವ ಮೊದಲೇ ಖರ್ಚಾಗುವ ಜಾಗಕ್ಕೆ ಕಳಿಸಬೇಕು. ಅಂದರೆ ಘಟಕ ಇದ್ದರೂ ಹಿಂದಿನಿಂದ ರಕ್ತ ಬರುತ್ತಲೇ ಇರಬೇಕು. ಮಾಸ್ತರು ಹೇಳುವ ಪಟ್ಟಿ, ನೀವು ಹೇಳುವ ಘಟಕ, ಎರಡೂ ಬೇಕು. ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ.

ಕಳೆದ ವರ್ಷ ಏನಾಯಿತು ಅಂತ ಹೇಳುತ್ತೇನೆ. ಲಾಕ್‌ಡೌನ್ ಆದ ಮೊದಲ ಕೆಲವು ವಾರ ನಮ್ಮ ಫ್ರಿಜ್ ತುಂಬಿಯೇ ಇತ್ತು. ತುರ್ತಲ್ಲದ ಆಪರೇಷನ್ ಎಲ್ಲಾ ಮುಂದೆ ಹಾಕಿದ್ದರು. ಹೈವೇಯಲ್ಲಿ ಗಾಡಿಯೇ ಇಲ್ಲ, ಹಾಗಾಗಿ ಅಪಘಾತ ಇಲ್ಲ. ಹೊರಗಿನವರು "ರಕ್ತಕ್ಕೇನೂ ಕೊರತೆ ಇಲ್ಲ" ಅಂದುಕೊಂಡರು. ಆಮೇಲೆ ಚೀಲಗಳ ಮೇಲಿನ ತಾರೀಕು ಒಂದೊಂದಾಗಿ ಮುಗಿಯುತ್ತಾ ಬಂತು. ಹೊಸದು ಬರಲಿಲ್ಲ. ಮುಂದೆ ಹಾಕಿದ್ದ ಆಪರೇಷನ್‌ಗಳು ಶುರುವಾದಾಗ ಫ್ರಿಜ್‌ನ ತಟ್ಟೆಗಳು ಖಾಲಿ ಇದ್ದವು. ನನಗೆ ಆ ಖಾಲಿ ತಟ್ಟೆಗಿಂತ ಜಾಸ್ತಿ ಸಂಕಟ ಆಗಿದ್ದು ಅವಧಿ ಮುಗಿದ ಚೀಲಗಳನ್ನು ವಿಲೇವಾರಿಗೆ ಕಳಿಸುವಾಗ. ಪ್ರತಿಯೊಂದರ ಮೇಲೂ ಒಬ್ಬರು ಬಂದು ಮಲಗಿ ಕೊಟ್ಟ ದಿನ ಬರೆದಿರುತ್ತದೆ.

ಕುಮಟಾ ಮಾಸ್ತರು · 9:50

ಅಕ್ಕೋರೇ, ನೀವು ಬರೆದದ್ದನ್ನು ಓದಿದ ಮೇಲೆ ನನ್ನ ಮಾತು ಇನ್ನೂ ಗಟ್ಟಿಯಾಯಿತು. ಒಂದೇ ದಿನ ನಲವತ್ತು ಜನ ಬಂದರೆ ಉಪಯೋಗ ಇಲ್ಲ ಅಂತಾಯಿತಲ್ಲ? ಗಂಡಸರು ಮತ್ತೆ ಕೊಡಲು 90 ದಿನ, ಹೆಂಗಸರು 120 ದಿನ ಕಾಯಬೇಕು. ರಕ್ತದ ಆಯುಷ್ಯ 35 ದಿನ. ನಲವತ್ತು ಜನ ಒಂದೇ ದಿನ ಕೊಟ್ಟರೆ 36ನೇ ದಿನ ಚೀಲವೂ ಇಲ್ಲ, ಆ ನಲವತ್ತು ಜನರೂ ಇಲ್ಲ. ಅದೇ ವಾರಕ್ಕೆ ಮೂವರಂತೆ ಹೋದರೆ ಮೂರು ತಿಂಗಳು ಸಾಗುತ್ತದೆ. ಅಷ್ಟು ಹೊತ್ತಿಗೆ ಮೊದಲನೇ ವಾರದವರ ಸರದಿ ಮತ್ತೆ ಬಂದಿರುತ್ತದೆ.

ಅಂಕೋಲೆ ಅಮ್ಮ · 10:20

ನಾನು ಇಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನ್ನಿಸಿತು.

ನನ್ನ ಮಗನಿಗೆ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಏರಿಸುವ ಮೊದಲು ಹಿಮೋಗ್ಲೋಬಿನ್ 9ಕ್ಕಿಂತ ಕೆಳಗೆ ಹೋಗಿರಬಾರದು ಅಂತ ಡಾಕ್ಟರು ಹೇಳಿದ್ದಾರೆ. ನನಗೆ ರಿಪೋರ್ಟ್ ಬರುವ ಮೊದಲೇ ಗೊತ್ತಾಗುತ್ತದೆ. ಮೂರನೇ ವಾರ ಬಂದರೆ ಅಂಗಳದಲ್ಲಿ ಓಡುವುದನ್ನು ಬಿಡುತ್ತಾನೆ. ಮೆಟ್ಟಿಲ ಮೇಲೆ ಕೂತು ಉಳಿದ ಮಕ್ಕಳ ಆಟ ನೋಡುತ್ತಾನೆ. ಊಟಕ್ಕೆ ಕರೆದರೆ ಎರಡು ತುತ್ತು ತಿಂದು ಸಾಕು ಎನ್ನುತ್ತಾನೆ. ಕೆಳಗಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿರುತ್ತದೆ. ರಕ್ತ ಏರಿಸಿದ ಮಾರನೇ ದಿನ ಅವನೇ ಬೇರೆ ಹುಡುಗ.

ಈ ಕಾಯಿಲೆಯವರಿಗೆ ರಕ್ತ ಉಚಿತವಾಗಿ ಕೊಡಬೇಕು, ಬದಲಿಗೆ ರಕ್ತ ಕೊಡುವವರನ್ನು ತನ್ನಿ ಅಂತ ಒತ್ತಾಯ ಮಾಡಬಾರದು ಅಂತ ನಿಯಮ ಇದೆ. ಕಳೆದ ವರ್ಷ ಒಂದು ಆಸ್ಪತ್ರೆಯಲ್ಲಿ "ಇಬ್ಬರನ್ನು ಕರೆತನ್ನಿ, ಆಮೇಲೆ ನೋಡೋಣ" ಎಂದರು. ಅವರ ಹತ್ತಿರವೂ ಇರಲಿಲ್ಲ, ಅವರನ್ನು ಬೈದು ಏನು ಮಾಡಲಿ. ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಒಂದಾದ ಮೇಲೊಂದು ಫೋನ್ ಮಾಡಿದೆ. ಕೆಲವರು ಊರಲ್ಲಿ ಇಲ್ಲ. ಕೆಲವರಿಗೆ ಹೆದರಿಕೆ. ಕೊನೆಗೆ ಗುರುತು ಪರಿಚಯ ಇಲ್ಲದ ಒಬ್ಬರು ಬಂದು ಕೊಟ್ಟರು.

ಒಂದು ಲೆಕ್ಕ ಹೇಳುತ್ತೇನೆ. ಮೂರು ವಾರಕ್ಕೆ ಒಂದು ಚೀಲ ಅಂದರೆ ವರ್ಷಕ್ಕೆ 17. ಒಬ್ಬ ಗಂಡಸು ವರ್ಷಕ್ಕೆ ಹೆಚ್ಚೆಂದರೆ 4 ಸಲ ಕೊಡಬಹುದು. ಅಂದರೆ ನನ್ನ ಒಬ್ಬ ಮಗ ಓಡಾಡಿಕೊಂಡಿರಲು ಕನಿಷ್ಠ ಐದು ಜನ ತಪ್ಪದೆ ಕೊಡುತ್ತಿರಬೇಕು. ಅವನು ಬೆಳೆದಂತೆ ಒಂದು ಚೀಲ ಸಾಲುವುದಿಲ್ಲ. ಅಪ್ಪ ಅಮ್ಮ ಇಬ್ಬರೇ ಇದನ್ನು ಎಳೆಯಲು ಆಗುವುದಿಲ್ಲ. ಮಾಸ್ತರ ಪಟ್ಟಿಯಲ್ಲಿ ಇಂಥ ಮಕ್ಕಳ ಮನೆಗೆ ಐದೈದು ಜನ ಅಂತ ಗೊತ್ತು ಮಾಡಿದರೆ ನನ್ನಂಥ ತಾಯಂದಿರು ರಾತ್ರಿ ನಿದ್ದೆ ಮಾಡಬಹುದು.

ಬೆಂಗಳೂರಿಂದ ಹೊನ್ನಾವರಕ್ಕೆ · 10:32

ಅಕ್ಕಾ, ಮಗನ ಗ್ರೂಪ್ ಯಾವುದು?

ಅಂಕೋಲೆ ಅಮ್ಮ · 10:35

ಬಿ ಪಾಸಿಟಿವ್. ಮುಂದಿನ ಸಲ 26ಕ್ಕೆ.

ಲ್ಯಾಬ್ ಅಕ್ಕ, ಕಾರವಾರ · 10:48

ತಂಗೀ, ಧೈರ್ಯವಾಗಿರು. 26ಕ್ಕೆ ಬೇಕು ಅಂತ ಬರೆದುಕೊಂಡಿದ್ದೇನೆ. ಉಳಿದವರಿಗೆ ಒಂದು ಮಾತು: ನಿಮ್ಮದು ಬಿ ಪಾಸಿಟಿವ್ ಅಲ್ಲ ಅಂತ ಸುಮ್ಮನಿರಬೇಡಿ. ಯಾವ ಗ್ರೂಪ್ ಬಂದರೂ ಯಾರಿಗಾದರೂ ಬೇಕಿರುತ್ತದೆ.

ಮಾಜಾಳಿ ಗಡಿ · 11:10

ನಮ್ಮ ಕಡೆಯ ತೊಂದರೆ ಕೇಳಿ. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಗೋವಾ. ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ, ಮಂಗಳೂರು. ಹಳಿಯಾಳ, ಯಲ್ಲಾಪುರದವರಿಗೆ ಹುಬ್ಬಳ್ಳಿ. ರೋಗಿ ಹೊರಗೆ, ನೆಂಟರು ಇಲ್ಲಿ. ಕಳೆದ ವರ್ಷ ಗಡಿಯನ್ನೇ ಮುಚ್ಚಿದ್ದರು. ಈ ತಿಂಗಳು 10ರಿಂದ ಗೋವಾ ಒಳಗೆ ಹೋಗಲು ನೆಗೆಟಿವ್ ರಿಪೋರ್ಟ್ ಬೇಕು. ಅಲ್ಲಿರುವ ನಮ್ಮ ಮಾವನಿಗೆ ರಕ್ತ ಕೊಡಲು ಇಲ್ಲಿಂದ ಹೊರಡುವವನು ಮೊದಲು ಟೆಸ್ಟ್ ಮಾಡಿಸಿ, ರಿಪೋರ್ಟಿಗೆ ಕಾದು, ಆಮೇಲೆ ಹೋಗಬೇಕು. ಅಷ್ಟರಲ್ಲಿ ಅಲ್ಲಿಯ ಯಾರೋ ಪುಣ್ಯಾತ್ಮರು ಕೊಟ್ಟಿದ್ದರು. ಅವರು ಯಾರು ಅಂತಲೂ ನಮಗೆ ಗೊತ್ತಿಲ್ಲ.

ನಮ್ಮ ಜಿಲ್ಲೆಗೇ ಒಂದು ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಅದು ಬರುವವರೆಗೆ ನಾವು ಪರಊರಿನ ದಾನಿಗಳ ಋಣದಲ್ಲಿ ಇರುತ್ತೇವೆ. ಅದನ್ನು ತೀರಿಸಲು ಇರುವ ದಾರಿ ನಮ್ಮೂರಲ್ಲಿ ನಾವು ಕೊಡುವುದು. ನನ್ನ ಹೆಸರು ಸೇರಿಸಿ, ಓ ಪಾಸಿಟಿವ್.

ಗೋಕರ್ಣದ ಸೊಸೆ · 11:40

ಎಲ್ಲರೂ ಕೊಡಿ ಕೊಡಿ ಅನ್ನುತ್ತಿದ್ದೀರಿ, ತಪ್ಪು ಅಂತ ಹೇಳುತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಅತ್ತೆ ಮಾವ ಇಬ್ಬರಿಗೂ ಎಪ್ಪತ್ತು ದಾಟಿದೆ. ಆಸ್ಪತ್ರೆ ಬಾಗಿಲಿಗೆ ಹೋಗಿ ಕೊರೊನಾ ಮನೆಗೆ ತಂದರೆ? ಮೇಲಾಗಿ ರಕ್ತ ಕೊಟ್ಟ ಮೇಲೆ ಶಕ್ತಿ ಕುಗ್ಗುತ್ತದೆ, ಆಗ ಬೇಗ ಹಿಡಿಯುತ್ತದೆ ಅಂತ ಯಜಮಾನರಿಗೆ ಭಯ. ಇದಕ್ಕೆ ಯಾರಾದರೂ ಸರಿಯಾಗಿ ಉತ್ತರ ಕೊಡಿ.

ಲ್ಯಾಬ್ ಅಕ್ಕ, ಕಾರವಾರ · 12:25

ನಿಮ್ಮ ಭಯ ನ್ಯಾಯವಾದದ್ದೇ. ಬಿಡಿಸಿ ಹೇಳುತ್ತೇನೆ.

ಕೊರೊನಾ ಉಸಿರಿನಿಂದ ಹರಡುವ ಕಾಯಿಲೆ. ರಕ್ತ ಕೊಟ್ಟಿದ್ದರಿಂದ ಬರುವುದಿಲ್ಲ. ಸೂಜಿ, ಚೀಲ ಎಲ್ಲಾ ಹೊಸದು, ಒಬ್ಬರಿಗೆ ಒಮ್ಮೆ ಮಾತ್ರ. ರಕ್ತ ಪಡೆದಿದ್ದರಿಂದ ಕೊರೊನಾ ಅಂಟಿದ ಉದಾಹರಣೆಯೂ ಎಲ್ಲೂ ದಾಖಲಾಗಿಲ್ಲ. ಅಪಾಯ ಇರುವುದು ರಕ್ತ ಕೊಡುವುದರಲ್ಲಿ ಅಲ್ಲ. ಹೋಗಿ ಬರುವ ದಾರಿಯಲ್ಲಿ, ಜನ ಒಟ್ಟಿಗೆ ಕೂರುವುದರಲ್ಲಿ. ಅದಕ್ಕೇ ಮೊದಲು ಫೋನ್ ಮಾಡಿ ಸಮಯ ಕೇಳಿಕೊಂಡು ಬನ್ನಿ ಎನ್ನುವುದು. ಒಬ್ಬರು ಎದ್ದು ಹೋದ ಮೇಲೆ ಇನ್ನೊಬ್ಬರನ್ನು ಕರೆಯುತ್ತೇವೆ. ಮಂಚ ಒರೆಸುತ್ತೇವೆ. ಕೋವಿಡ್ ವಾರ್ಡಿನ ಕಡೆ ನೀವು ಕಾಲಿಡಬೇಕಾಗಿಲ್ಲ.

ಶಕ್ತಿಯ ವಿಷಯ. ತೆಗೆಯುವುದು 350 ಮಿಲಿ. ತೂಕ 55 ಕಿಲೋ ದಾಟಿದ್ದರೆ 450 ತೆಗೆಯಬಹುದು. ಮೈಯಲ್ಲಿ ಐದು ಲೀಟರ್ ಹತ್ತಿರ ಇರುತ್ತದೆ. ನೀರಿನ ಅಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಕ್ಕೆ ಕೆಲವು ವಾರ ಬೇಕು. ಆರೋಗ್ಯವಂತರಿಗೆ ಇದರಿಂದ ಕಾಯಿಲೆ ತಡೆಯುವ ಶಕ್ತಿ ಕಡಿಮೆ ಆಗುವುದಿಲ್ಲ.

ಯಾರು ಕೊಡಬಹುದು ಅಂತ ನಾವು ಸುಮ್ನೆ ನಂಬುವುದಿಲ್ಲ, ನೋಡುತ್ತೇವೆ. ವಯಸ್ಸು 18ರಿಂದ 65. ತೂಕ ಕನಿಷ್ಠ 45 ಕಿಲೋ. ಹಿಮೋಗ್ಲೋಬಿನ್ 12.5. ಬೆರಳು ಚುಚ್ಚಿ ಒಂದು ತೊಟ್ಟು ರಕ್ತವನ್ನು ನೀಲಿ ಬಣ್ಣದ ಮೈಲುತುತ್ತದ ನೀರಿಗೆ ಬಿಡುತ್ತೇವೆ. ತೊಟ್ಟು ತಡೆಯದೆ ತಳಕ್ಕೆ ಇಳಿದರೆ ಕೊಡಬಹುದು. ಮಧ್ಯದಲ್ಲೇ ತೇಲಿದರೆ, ಅಥವಾ ಮೇಲೆ ಬಂದರೆ, ನಿಮ್ಮ ರಕ್ತ ನಿಮಗೇ ಬೇಕು ಅಂತ ಚಹಾ ಕೊಟ್ಟು ವಾಪಸ್ ಕಳಿಸುತ್ತೇವೆ. ತೊಟ್ಟು ಇಳಿಯುವುದನ್ನು ದಾನಿಗಳೂ ಬಗ್ಗಿ ನೋಡುತ್ತಾರೆ. ಇಳಿದಾಗ ಅವರ ಮುಖದಲ್ಲಿ ಕಾಣುವ ಖುಷಿ ನನಗೆ ತುಂಬಾ ಇಷ್ಟ.

ನಿಮ್ಮ ಮನೆಯಲ್ಲಿ ವಯಸ್ಸಾದವರಿಗೆ ಲಸಿಕೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ನೀವು ಆಮೇಲೆ ಬನ್ನಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಭಟ್ಕಳ ಹುಡುಗ · ಮಧ್ಯಾಹ್ನ 2:10

ಅಸ್ಸಲಾಮು ಅಲೈಕುಂ, ನಮಸ್ಕಾರ. ಕಳೆದ ವರ್ಷ ನಮ್ಮ ಊರು ಸೀಲ್ ಆಗಿತ್ತು. ಜಿಲ್ಲೆಯ ಮೊದಮೊದಲ ಕೇಸುಗಳು ಇಲ್ಲಿನವೇ ಆಗಿದ್ದವು. ನಮ್ಮವರಿಗೆ ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು ಗುಣ ಮಾಡಿ ಕಳಿಸಿದರು. ಅದನ್ನು ನಾವು ಮರೆಯುವುದಿಲ್ಲ.

ನನಗೆ ಈ ಏಪ್ರಿಲ್‌ನಲ್ಲಿ ಬಂದು ಹೋಯಿತು. ಗುಣವಾದವರ ಪ್ಲಾಸ್ಮಾವನ್ನು ಕೊರೊನಾ ರೋಗಿಗಳಿಗೆ ಏರಿಸುತ್ತಿದ್ದರಲ್ಲ, ಅದನ್ನು ಕೊಡಬೇಕು ಅಂತ ಆಸೆ ಇತ್ತು. ಮೊನ್ನೆ ಅದನ್ನು ಚಿಕಿತ್ಸೆಯ ಪಟ್ಟಿಯಿಂದಲೇ ತೆಗೆದರು ಅಂತ ಸುದ್ದಿ ಬಂತು. ನಿಜವಾ ಅಕ್ಕಾ? ರಂಜಾನ್ ಉಪವಾಸದಲ್ಲಿ ನಮ್ಮ ಹುಡುಗರು ಹಗಲು ಕೊಡಲು ಆಗುತ್ತಿರಲಿಲ್ಲ. ಕಳೆದ ವಾರ ಈದ್ ಆಯಿತು. ಈಗ ಯಾವಾಗ ಕರೆದರೂ ಬರುತ್ತೇವೆ.

ಲ್ಯಾಬ್ ಅಕ್ಕ, ಕಾರವಾರ · 2:45

ನಿಜ. 17ನೇ ತಾರೀಕು ತೆಗೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು (ಐಸಿಎಂಆರ್) ಕಳೆದ ವರ್ಷ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ದರು. ಪ್ಲಾಸ್ಮಾ ಪಡೆದವರಲ್ಲೂ ಪಡೆಯದವರಲ್ಲೂ ಸಾವು ತಪ್ಪಿದ್ದರಲ್ಲಿ, ಕಾಯಿಲೆ ಬಿಗಡಾಯಿಸುವುದು ತಪ್ಪಿದ್ದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ಈ ಏಪ್ರಿಲ್‌ನಲ್ಲಿ ಜನ ಪ್ಲಾಸ್ಮಾ ಹುಡುಕಿ ಎಷ್ಟು ಅಲೆದರು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ನಿನ್ನ ಆಸೆ ವ್ಯರ್ಥ ಅಲ್ಲ. ಕೊರೊನಾ ಪೂರ್ತಿ ವಾಸಿಯಾಗಿ 28 ದಿನ ಕಳೆದ ಮೇಲೆ ಮಾಮೂಲಿ ರಕ್ತ ಕೊಡು. ಪಾಸಿಟಿವ್ ಬಂದವರ ಒಡನಾಟದಲ್ಲಿ ಇದ್ದವರಿಗೂ ಅದೇ 28 ದಿನ. ಒಂದು ಮನೆಯಲ್ಲಿ ಒಬ್ಬರಿಗೆ ಬಂದರೆ ಮನೆಯ ನಾಲ್ವರು ದಾನಿಗಳೂ ತಿಂಗಳು ಹೊರಗೆ. ಎರಡನೇ ಅಲೆಯಲ್ಲಿ ನಮಗೆ ಕೊಡುವವರು ಸಿಗದಿರಲು ಇದೂ ದೊಡ್ಡ ಕಾರಣ. ಮನಸ್ಸಿಲ್ಲದೆ ಅಲ್ಲ.

ಸಿದ್ದಾಪುರ ಆಶಾ · 3:30

ಬೆಳಿಗ್ಗೆಯಿಂದ ಮನೆ ಮನೆ ಸುತ್ತಿ ಈಗ ಕೂತೆ. ಎಲ್ಲಾ ಓದಿದೆ. ಎರಡು ವಿಷಯ ಸೇರಿಸುತ್ತೇನೆ.

ಕೊರೊನಾ ಬಂತು ಅಂತ ಉಳಿದ ಜ್ವರಗಳು ಸುಮ್ಮನೆ ಕೂತಿಲ್ಲ. ನಮ್ಮ ತಾಲೂಕಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಉಣ್ಣೆ ಕಚ್ಚಿ ಬರುವಂಥದ್ದು. ಕೆಲವರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ವಸಡಿನಲ್ಲಿ ಮೂಗಿನಲ್ಲಿ ರಕ್ತ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ಮಳೆ, ಸೊಳ್ಳೆ, ಡೆಂಗಿ. ಅಕ್ಕ ಹೇಳಿದರಲ್ಲ, ಪ್ಲೇಟ್‌ಲೆಟ್ 5 ದಿನ ಅಷ್ಟೇ ಅಂತ. ಅಂದರೆ ಜೂನ್, ಜುಲೈ, ಆಗಸ್ಟ್‌ನಲ್ಲಿ ಪ್ರತಿ ವಾರ ಹೊಸ ರಕ್ತ ಬರಲೇಬೇಕು. ಮಾಸ್ತರೇ, ಪಟ್ಟಿ ಮಾಡುವಾಗ ಆ ತಿಂಗಳುಗಳಿಗೆ ಜನ ಜಾಸ್ತಿ ಹಾಕಿ.

ಎರಡನೆಯದು ಹೆಂಗಸರ ವಿಷಯ. ರಕ್ತ ಬೇಕಾಗುವುದರಲ್ಲಿ ಹೆರಿಗೆಯದ್ದೇ ಎಷ್ಟು ಇರುತ್ತದೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋದರೆ ಕಾಯುವುದಕ್ಕೆ ಗಂಟೆಗಳೂ ಇರುವುದಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲಿವರೆಗೆ ಹೆಸರು ಕೊಟ್ಟವರೆಲ್ಲಾ ಗಂಡಸರು. ಹೆಂಗಸರಿಗೆ ಮನಸ್ಸಿದೆ, ಹಿಮೋಗ್ಲೋಬಿನ್ ಇಲ್ಲ. 12.5 ದಾಟುವುದಿಲ್ಲ ಅಂತ ವಾಪಸ್ ಬರುತ್ತಾರೆ, ಆಮೇಲೆ ನಾಚಿಕೆಯಿಂದ ಮತ್ತೆ ಹೋಗುವುದಿಲ್ಲ. ನಾನು ಕೊಡುವ ಕಬ್ಬಿಣದ ಮಾತ್ರೆ ಡಬ್ಬಿಯಲ್ಲೇ ಉಳಿದಿರುತ್ತದೆ. ಕೆಲವರು ಮಾತ್ರೆ ನುಂಗಿ ಅದರ ಹಿಂದೆಯೇ ಚಹಾ ಕುಡಿಯುತ್ತಾರೆ. ಚಹಾದ ಜೊತೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದು ಗಂಟೆಯಾದರೂ ಬಿಡಿ. ಮಾತ್ರೆಯ ಜೊತೆ ನಿಂಬೆಹಣ್ಣಿನ ಪಾನಕ ಕುಡಿದರೆ ಒಳ್ಳೆಯದು. ಹರಿವೆ, ಬಸಳೆ ತಿನ್ನಿ. ಘಟ್ಟದ ಕೆಳಗಿನವರಿಗೆ ಮೀನು ಇದೆ, ಬಳಚು (ಚಿಪ್ಪುಮೀನು) ಇದೆ. ಮೂರು ತಿಂಗಳು ಬಿಡದೆ ಮಾಡಿ ಮತ್ತೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರದ್ದು ಏರುತ್ತದೆ.

ಬಸುರಿಯರು, ಹಾಲುಣಿಸುವ ತಾಯಂದಿರು ಕೊಡುವ ಹಾಗಿಲ್ಲ. ಮುಟ್ಟಿನ ದಿನಗಳಲ್ಲೂ ಬೇಡ.

ಗೋಕರ್ಣದ ಸೊಸೆ · 3:52

ಆಶಾ ಅಕ್ಕಾ, ನನ್ನದು ಕಳೆದ ಸಲ 11 ಇತ್ತು. ಮಾತ್ರೆ ಇವತ್ತಿನಿಂದ ಶುರು ಮಾಡುತ್ತೇನೆ. ಸೆಪ್ಟೆಂಬರಿಗೆ ನನ್ನ ಹೆಸರು ಬರೆಯಿರಿ. ಲ್ಯಾಬ್ ಅಕ್ಕನ ಉತ್ತರವನ್ನು ಯಜಮಾನರಿಗೆ ಓದಿ ಹೇಳಿದೆ. ಅವರಿಗೆ ಇನ್ನೂ ಸ್ವಲ್ಪ ಅಳುಕಿದೆ. ಒತ್ತಾಯ ಮಾಡುವುದಿಲ್ಲ.

ಬೈತಖೋಲ್ ಬೋಟ್ · ಸಂಜೆ 5:20

ಎಲ್ಲಾ ಬೋಟು ದಡದಲ್ಲಿವೆ. ಗಾಳಿ ಬರುವ ಮೊದಲೇ ಬಂದರಿಗೆ ಹೊಕ್ಕವು ಮತ್ತೆ ಹೊರಟಿಲ್ಲ. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟಿಗೆ ನಿಷೇಧ. ಹೊರ ರಾಜ್ಯದ ಹುಡುಗರು ಊರಿಗೆ ಹೋದರು. ನಾವು ಬಲೆ ಹೊಲಿಯುತ್ತಾ ಮನೆಯಲ್ಲೇ ಇರುತ್ತೇವೆ.

ಸೀಸನ್‌ನಲ್ಲಿ ನಮ್ಮನ್ನು ಶಿಬಿರಕ್ಕೆ ಕರೆದರೆ ಬರಲು ಆಗುವುದಿಲ್ಲ. ಕಡಲಿನಲ್ಲಿ ಇರುತ್ತೇವೆ, ದಡಕ್ಕೆ ಬಂದ ದಿನ ನಿದ್ದೆ ಇರುವುದಿಲ್ಲ. ರಕ್ತ ಕೊಟ್ಟ ದಿನವೇ ಬಲೆ ಎಳೆಯಲೂ ಆಗುವುದಿಲ್ಲ. ಜೂನ್, ಜುಲೈ ಅಂದರೆ ನಮಗೆ ಬಿಡುವು. ಆಶಾ ಅಕ್ಕ ಕೇಳಿದ ತಿಂಗಳೂ ಅದೇ. ಮಾಸ್ತರೇ, ಆ ಎರಡು ತಿಂಗಳು ಕಡಲಿಗೆ ಹೋಗುವವರಿಗೆ ಬಿಟ್ಟುಬಿಡಿ. ನಮ್ಮ ಕೇರಿಯಿಂದ ವಾರಕ್ಕೆ ಇಬ್ಬರು ಮೂವರನ್ನು ಕಳಿಸುವ ಜವಾಬ್ದಾರಿ ನನ್ನದು.

ಲ್ಯಾಬ್ ಅಕ್ಕ, ಕಾರವಾರ · 5:41

ಅಣ್ಣಾ, ಇವತ್ತು ಕೇಳಿದ ಮಾತುಗಳಲ್ಲಿ ನನಗೆ ಅತಿ ಸಮಾಧಾನ ಕೊಟ್ಟದ್ದು ಇದು. ಹುಡುಗರಿಗೆ ಮೂರು ಮಾತು ಹೇಳಿ. ಹಿಂದಿನ ರಾತ್ರಿ ಕುಡಿದು ಬರಬಾರದು. ಮಲೇರಿಯಾ ಆಗಿದ್ದರೆ ಗುಣವಾಗಿ ಮೂರು ತಿಂಗಳು ಕಳೆದಿರಬೇಕು. ಊಟ ಮಾಡಿಯೇ ಬರಬೇಕು, ಬರಿ ಹೊಟ್ಟೆ ಬೇಡ.

ಘಟ್ಟದ ಮೇಲಿನವ, ಸಿರ್ಸಿ · 6:30

ಬೋಟ್ ಅಣ್ಣನ ಮಾತು ಕೇಳಿ ನನಗೂ ದಾರಿ ಹೊಳೆಯಿತು. ತೋಟದವರಿಗೆ ಅಡಿಕೆ ಕೊಯ್ಲು ನವೆಂಬರಿನಿಂದ ಫೆಬ್ರವರಿ. ಆಗ ಕೊನೆ ಇಳಿಸುವವರಿಗೂ ಸುಲಿಯುವವರಿಗೂ ಪುರಸೊತ್ತಿಲ್ಲ. ಮಾರ್ಚ್‌ನಿಂದ ಮೇವರೆಗೆ ನಾವು ಸಿಗುತ್ತೇವೆ. ಅಕ್ಟೋಬರಿನಲ್ಲೂ ಕೆಲವರು ಸಿಗುತ್ತಾರೆ, 1ನೇ ತಾರೀಕು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವೂ ಹೌದು. ಕೊಯ್ಲಿನ ತಿಂಗಳುಗಳನ್ನು ಕಾಲೇಜಿನವರು ಹೊತ್ತುಕೊಳ್ಳಲಿ, ಕಾಲೇಜು ತೆರೆದರೆ. ತೆರೆಯದಿದ್ದರೂ ಹುಡುಗರು ಊರಲ್ಲೇ ಇರುತ್ತಾರಲ್ಲ, ಮನೆಗೆ ಫೋನ್ ಮಾಡಿ ಕರೆಯುವುದು.

ತಾಲೂಕು ಘಟಕದ ಮಾತನ್ನು ನಾನು ಬಿಟ್ಟಿಲ್ಲ. ಮಳೆ ಹಿಡಿಯುವ ಮೊದಲು ಘಟ್ಟದ ಮೇಲೆ ಒಂದಿಷ್ಟು ಚೀಲ ಇರಲೇಬೇಕು. ಜನರೇಟರಿಗೆ ಡೀಸೆಲ್ ಇದೆಯಾ ಅಂತ ಕೇಳುವವರೂ ಇರಬೇಕು. ಮೊನ್ನೆಯ ಹಾಗೆ ಕರೆಂಟು ದಿನಗಟ್ಟಲೆ ಹೋದರೆ ಫ್ರಿಜ್‌ನಲ್ಲಿ ಇದ್ದದ್ದೂ ಹಾಳು.

ಕುಮಟಾ ಮಾಸ್ತರು · 7:45

ಕೂತು ಬರೆದಿದ್ದೇನೆ. ಇಷ್ಟಾಯಿತು:

ಈ ವಾರ ಮತ್ತು ಮುಂದಿನ ವಾರ, ಲಸಿಕೆ ಸ್ಲಾಟ್‌ಗೆ ಕಾಯುತ್ತಿರುವ ಹುಡುಗರು. ಜೂನ್, ಜುಲೈ ಬೈತಖೋಲ್ ಮತ್ತು ಬೇರೆ ಬಂದರುಗಳ ಕಡೆಯವರು. ತದಡಿ, ಹೊನ್ನಾವರದಲ್ಲಿ ಮಾತಾಡುವವರು ಬೇಕು, ಯಾರಾದರೂ ಮುಂದೆ ಬನ್ನಿ. ಆಗಸ್ಟ್‌ನಿಂದ ಅಕ್ಟೋಬರಿನವರೆಗೆ ಭಟ್ಕಳದ ಹುಡುಗರು, ಯುವಕ ಮಂಡಲದವರು, ಹಿಮೋಗ್ಲೋಬಿನ್ ಏರಿಸಿಕೊಂಡ ಅಕ್ಕ ತಂಗಿಯರು. ಚಳಿಗಾಲ ಕಾಲೇಜಿನವರಿಗೆ. ಬೇಸಿಗೆ ತೋಟದವರಿಗೆ. ಅಪರೂಪದ ನೆಗೆಟಿವ್ ಗ್ರೂಪಿನವರನ್ನು ಈ ಸರದಿಗೆ ಹಾಕುವುದಿಲ್ಲ. ನಮ್ಮ ದೇಶದಲ್ಲಿ ನೂರರಲ್ಲಿ ಐದಾರು ಜನ ಇದ್ದರೆ ಹೆಚ್ಚು. ಅವರ ಹೆಸರು ಬೇರೆ ಇಟ್ಟು, ಬ್ಲಡ್ ಬ್ಯಾಂಕಿನವರು ಕೇಳಿದಾಗ ಮಾತ್ರ ಕರೆಯೋಣ.

ಫೋನ್ ನಂಬರನ್ನು ಇಲ್ಲಿ ಯಾರೂ ಹಾಕಬೇಡಿ. ನನಗೆ ಖಾಸಗಿ ಮೆಸೇಜ್ ಮಾಡಿ. ವಾಟ್ಸಾಪ್‌ನಲ್ಲಿ ಅರ್ಜೆಂಟ್ ಮೆಸೇಜ್ ಬಂದರೆ ಹಾಗೇ ಮುಂದಕ್ಕೆ ತಳ್ಳಬೇಡಿ. ಅದರಲ್ಲಿರುವ ನಂಬರಿಗೆ ಒಮ್ಮೆ ಮಾತಾಡಿ, ಇನ್ನೂ ಬೇಕು ಎಂದರೆ ತಾರೀಕು ಹಾಕಿ ಕಳಿಸಿ.

ಬೆಂಗಳೂರಿಂದ ಹೊನ್ನಾವರಕ್ಕೆ · ರಾತ್ರಿ 8:05

ಮಾಸ್ತರೇ, ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹಾಕಿಕೊಡುತ್ತೇನೆ. ಕೊನೇ ಸಲ ಕೊಟ್ಟ ದಿನ, ಲಸಿಕೆ ದಿನ ತುಂಬಿದರೆ ಮುಂದಿನ ಸರದಿ ತಾನೇ ತೋರಿಸುವ ಹಾಗೆ. ನಾನು ಶುಕ್ರವಾರ ಬರುತ್ತೇನೆ. ದಾರಿಯಲ್ಲಿ ಪೊಲೀಸರು ತಡೆದರೆ ಏನು ತೋರಿಸಲಿ?

ಲ್ಯಾಬ್ ಅಕ್ಕ, ಕಾರವಾರ · 8:20

ಹೊರಡುವ ಮೊದಲು ಬ್ಲಡ್ ಬ್ಯಾಂಕಿಗೆ ಫೋನ್ ಮಾಡು. ನಿನ್ನ ಹೆಸರು, ಬರುವ ದಿನ, ಸಮಯ ಬರೆದು ಮೆಸೇಜ್ ಕಳಿಸುತ್ತೇವೆ. ಅದನ್ನು ತೋರಿಸು, ಆಧಾರ್ ಕಾರ್ಡ್ ಜೊತೆಗಿರಲಿ. ವಾಪಸ್ ಹೋಗುವಾಗ ದಾನಿ ಕಾರ್ಡ್ ಇರುತ್ತದೆ. ಹತ್ತೂವರೆಗೆ ಬಾ.

ಭಟ್ಕಳ ಹುಡುಗ · 8:34

ನನ್ನ 28 ದಿನ ಈ ಭಾನುವಾರ ಮುಗಿಯುತ್ತದೆ. ನನ್ನದು ಬಿ ಪಾಸಿಟಿವ್. ಅಂಕೋಲೆ ಅಕ್ಕನ ಮಗನಿಗೆ 26ಕ್ಕೆ ಬೇಕು ಎಂದರಲ್ಲ, ಸೋಮವಾರ ಬಂದು ಕೊಟ್ಟರೆ ಅಷ್ಟರೊಳಗೆ ಪರೀಕ್ಷೆ ಎಲ್ಲಾ ಆಗುತ್ತದಾ?

ಲ್ಯಾಬ್ ಅಕ್ಕ, ಕಾರವಾರ · 8:40

ಆಗುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ, ಐದೂ ನೋಡಿಯೇ ಕೊಡುವುದು. ಸೋಮವಾರ ಕೊಟ್ಟರೆ ಬುಧವಾರಕ್ಕೆ ಸಿದ್ಧ. ನಿನ್ನ ಚೀಲವೇ ಅವನಿಗೆ ಹೋಗುತ್ತದೆ ಅಂತ ಹೇಳಲಾರೆ, ಹೊಂದಾಣಿಕೆ ನೋಡಬೇಕು. ಅವನಿಗೆ ಸಿಗುವಂತೆ ನೋಡಿಕೊಳ್ಳುತ್ತೇನೆ.

ಅಂಕೋಲೆ ಅಮ್ಮ · 8:52

ತಮ್ಮಾ, ಕಾರವಾರಕ್ಕೆ ಹೋಗುವ ದಾರಿಯಲ್ಲೇ ನಮ್ಮ ಊರು. ಹೋಟೆಲ್ ಎಲ್ಲಾ ಮುಚ್ಚಿರುತ್ತದೆ. ಬರುವಾಗ ಮನೆ ಗೇಟಿನ ಹತ್ತಿರ ನಿಲ್ಲಿಸು, ಒಳಗೆ ಬರಬೇಕಾಗಿಲ್ಲ. ತಿಂಡಿ ಕಟ್ಟಿಡುತ್ತೇನೆ, ತಿಂದುಕೊಂಡೇ ಹೋಗು.